ಹೊಳೆಯ ಮೀನಿನ ಹೆಸರು ಗೊತ್ತಿಲ್ಲ, ಹಿಡಿದವರಿಗೆ ಬಹುಮಾನವಂತೆ!



ಈ ಸಲ ಪಠ್ಯಪುಸ್ತಕ ತಡವಾಗಿ ಬಂದ ಕತೆ ಹೇಳುವುದಿಲ್ಲ. ಕನ್ನಡ ಓದಲು ಬಾರದವರನ್ನು ಕನ್ನಡ ಶಾಲೆಗೆ ಅಧ್ಯಾಪಕರಾಗಿ ಹಾಕಿದ ಕತೆಯೂ ಬೇಡ. ಹೇಳಿ ಹೇಳಿ ನಮ್ಮ ಬಾಯಿ ಒಣಗಿದೆ, ಕೇಳಿ ಕೇಳಿ ನಿಮ್ಮ ಕಿವಿ ದಣಿದಿದೆ. ಈ ಸಲ ಮೀನಿನ ವಿಷಯ. "ಕನ್ನಡ ಮಾಷ್ಟ್ರಿಗೂ ಮೀನಿಗೂ ಎಂತ ಸಂಬಂಧ?" ಎಂದು ಈಗಲೇ ನಗಬೇಡಿ. ಕೊನೆಯವರೆಗೆ ಓದಿ, ಆಮೇಲೆ ಬೇಕಾದರೆ ನಗಿ.

ಬೇಸಗೆ ರಜೆಯ ನಡುವೆ ಒಂದು ದಿನ ಮಕ್ಕಳ ದಾಖಲಾತಿ ಕೆಲಸಕ್ಕೆಂದು ನಾವು ಇಬ್ಬರು ಮೂವರು ಅಧ್ಯಾಪಕರು ಶಾಲೆಯಲ್ಲಿದ್ದೆವು. ಊರಿನ ಸಂಘವೊಂದರ ಹುಡುಗರು ಬಂದರು. ಮೂವರೂ ನಮ್ಮ ಹಳೆಯ ವಿದ್ಯಾರ್ಥಿಗಳೇ. ಒಳ್ಳೆಯ ಹುಡುಗರು, ರಕ್ತದಾನ ಮಾಡಿಸುವವರು, ನೆರೆ ಬಂದಾಗ ಓಡಿ ಬರುವವರು. ಕೈಯಲ್ಲಿ ಬಣ್ಣಬಣ್ಣದ ಕರಪತ್ರ. ಜೂನ್ ತಿಂಗಳ ಎರಡನೇ ಭಾನುವಾರ ಪಯಸ್ವಿನಿ ಹೊಳೆಯಲ್ಲಿ ಕಯಾಕ್ ಮೀನುಗಾರಿಕೆ ಸ್ಪರ್ಧೆಯಂತೆ. ನಾಡ ಮೀನು ಹಿಡಿದವರಿಗೆ ಮಾತ್ರ ಬಹುಮಾನ, ಅತಿ ಉದ್ದದ ಮೀನಿಗೆ ಮೊದಲ ಬಹುಮಾನ.

ಕರಪತ್ರದ ಒಂದು ಬದಿ ಮಲಯಾಳ, ಇನ್ನೊಂದು ಬದಿ ಇಂಗ್ಲಿಷ್. ಕನ್ನಡ ಎಲ್ಲಿ ಎಂದು ಕೇಳಿದರೆ "ಜಾಗ ಸಾಕಾಗಲಿಲ್ಲ ಮಾಷ್ಟ್ರೇ" ಎಂದರು. ಇರಲಿ. ಅವರಿಗೆ ನಮ್ಮಿಂದ ಬೇಕಾದದ್ದು ನಲವತ್ತು ಮಕ್ಕಳು. ದಡದಲ್ಲಿ ಸಾಲಾಗಿ ನಿಂತು ಬ್ಯಾನರ್ ಹಿಡಿಯಲು, ಮೀನು ಸಿಕ್ಕಿದಾಗ ಚಪ್ಪಾಳೆ ತಟ್ಟಲು.

ನಾವು ಆಗುವುದಿಲ್ಲ ಎಂದೆವು. ಹುಡುಗರ ಮುಖ ಚಿಕ್ಕದಾಯಿತು. ಈಗ ಊರಿನಲ್ಲಿ ಮಾತು ಹಬ್ಬಿದೆ: "ಕನ್ನಡದವರಿಗೆ ಕರಪತ್ರದಲ್ಲಿ ಕನ್ನಡ ಇಲ್ಲದ್ದಕ್ಕೆ ಸಿಟ್ಟು, ಅದಕ್ಕೇ ಅಡ್ಡಿ." ಹಾಗಲ್ಲ ಸ್ವಾಮೀ. ಕರಪತ್ರವನ್ನು ಅಚ್ಚಗನ್ನಡದಲ್ಲಿ ಹೊಡೆಸಿ ತಂದಿದ್ದರೂ ನಾವು ಆಗುವುದಿಲ್ಲ ಎಂದೇ ಹೇಳುತ್ತಿದ್ದೆವು. ಯಾಕೆ ಎಂದು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಮೊದಲು ಈ ಸ್ಪರ್ಧೆ ಎಂದರೇನು, ನೋಡೋಣ. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು, ಎರಡು ತುದಿಗೂ ಹಲಗೆ ಇರುವ ಹುಟ್ಟಿನಿಂದ ನಡೆಸುವ ಸಪೂರ ದೋಣಿ. ಉತ್ತರ ಧ್ರುವದ ಕಡೆಯ ಇನುಯಿಟ್ ಜನ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡಿಕೊಂಡಿದ್ದ ಬೇಟೆಯ ದೋಣಿ ಅದು. ಈಗ ಪ್ಲಾಸ್ಟಿಕ್ಕಿನದ್ದು ಬಂದಿದೆ. ಅದರಲ್ಲಿ ಕೂತು ಗಾಳ ಹಾಕಿ ಮೀನು ಹಿಡಿಯುವುದು ಆಸ್ಟ್ರೇಲಿಯಾದಂಥ ದೇಶಗಳಲ್ಲಿ ದೊಡ್ಡ ಆಟ. ನಮ್ಮ ಹುಡುಗರು ನೋಡಿದ್ದೂ ಅಲ್ಲಿನದ್ದೇ. ಸಿಡ್ನಿ ಕಡೆ ಕೆಲಸದಲ್ಲಿರುವ ಊರಿನವನೊಬ್ಬ ಮೊಬೈಲಿಗೆ ವೀಡಿಯೊ ಕಳಿಸಿದ್ದನಂತೆ. ಅದನ್ನು ನಮಗೂ ತೋರಿಸಿದರು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಎಂಜಿನ್ ಇಲ್ಲ, ಹೊಗೆ ಇಲ್ಲ, ಗದ್ದಲ ಇಲ್ಲ. ಮೀನು ಸಿಕ್ಕಿದರೆ ಅಳತೆಯ ಗೆರೆಗಳಿರುವ ಹಾಸಿನ ಮೇಲೆ ಮಲಗಿಸಿ, ಸ್ಪರ್ಧೆಯ ಗುರುತುಚೀಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದು, ವಾಪಸ್ ನೀರಿಗೆ. ತೂಕ ಇಲ್ಲ, ಉದ್ದ ಮಾತ್ರ. ಅಲ್ಲಿನ ನದಿಗಳದ್ದೇ ಆದ ಮರ್ರೆ ಕಾಡ್, ಗೋಲ್ಡನ್ ಪರ್ಚ್, ಆಸ್ಟ್ರೇಲಿಯನ್ ಬಾಸ್ ಎಂಬ ಮೀನುಗಳಿಗೇ ಇಂಥ ಸ್ಪರ್ಧೆಗಳು ನಡೆಯುತ್ತವೆ.

ಆದರೆ ವೀಡಿಯೊದಲ್ಲಿ ಕಾಣದ್ದು ಒಂದಿದೆ. ಅದೇ ಕಾನೂನು. ಮರ್ರೆ ಕಾಡ್ ಒಂದು ಮೀಟರಿಗಿಂತ ಉದ್ದ ಬೆಳೆಯುವ ಮೀನು. ವಸಂತದಲ್ಲಿ ಮೊಟ್ಟೆ ಇಡುತ್ತದೆ, ಗಂಡು ಮೀನು ಮೊಟ್ಟೆಗೆ ಕಾವಲು ನಿಲ್ಲುತ್ತದೆ. ಅದಕ್ಕೇ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸಪ್ಟಂಬರ್ 1ರಿಂದ ನವಂಬರ್ 30ರ ತನಕ ನದಿಗಳಲ್ಲಿ ಆ ಮೀನಿಗೆ ಗಾಳ ಹಾಕುವಂತಿಲ್ಲ. ಉಳಿದ ತಿಂಗಳಲ್ಲೂ 55 ಸೆಂಟಿಮೀಟರಿಗಿಂತ ಚಿಕ್ಕದನ್ನೂ 75 ಸೆಂಟಿಮೀಟರಿಗಿಂತ ದೊಡ್ಡದನ್ನೂ ಮನೆಗೆ ಒಯ್ಯುವಂತಿಲ್ಲ. ಚಿಕ್ಕದು ಇನ್ನೂ ಮೊಟ್ಟೆ ಇಟ್ಟಿಲ್ಲ, ದೊಡ್ಡದು ಅತಿ ಹೆಚ್ಚು ಮೊಟ್ಟೆ ಇಡುವ ತಾಯಿ. ಬಾಸ್ ಮೀನು ಚಳಿಗಾಲದಲ್ಲಿ ಮೊಟ್ಟೆ ಇಡಲು ಅಳಿವೆಯ ಕಡೆ ಇಳಿಯುತ್ತದೆ. ಅಲ್ಲಿನ ಚಳಿಗಾಲ ನಮ್ಮ ಮಳೆಗಾಲದ ಹೊತ್ತು. ಮೇಯಿಂದ ಆಗಸ್ಟ್ ತನಕ ನದಿಯಲ್ಲಿ ಅದು ಸಿಕ್ಕಿದರೂ ಇಟ್ಟುಕೊಳ್ಳುವಂತಿಲ್ಲ. ಅಂದರೆ ಮೀನಿನ ಪಂಚಾಂಗ ನೋಡಿ ಮನುಷ್ಯರ ಸ್ಪರ್ಧೆಯ ದಿನ ಇಡುತ್ತಾರೆ.

ನಮ್ಮ ಹುಡುಗರು ದೋಣಿ ತಂದರು, ಅಳತೆಯ ಹಾಸು ತಂದರು, ಟೀ ಶರ್ಟ್ ಕೂಡ ತಂದರು. ಪಂಚಾಂಗವನ್ನು ಮಾತ್ರ ಅಲ್ಲೇ ಬಿಟ್ಟು ಬಂದರು!

ಜೂನ್ ಎರಡನೇ ವಾರ ನಮ್ಮ ಹೊಳೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕೆ? ಮೊದಲ ಮಳೆಯ ಕೆಂಪು ನೀರು ಇಳಿಯುತ್ತದೆ. ತೋಡು, ಗದ್ದೆ, ಹೊಳೆ ಎಲ್ಲ ಒಂದಾಗುತ್ತದೆ. ಆಗ ಹೊಟ್ಟೆ ತುಂಬ ಮೊಟ್ಟೆ ತುಂಬಿಕೊಂಡ ಮೀನುಗಳು ನೀರಿಗೆ ಎದುರಾಗಿ ಏರುತ್ತವೆ. ಘಟ್ಟದ ಮೇಲಿನವರು ಇದಕ್ಕೆ ಹತ್ತುಮೀನು ಎನ್ನುತ್ತಾರೆ, ಮಲಯಾಳದಲ್ಲಿ ಊತ್ತ. ಆ ಹೊತ್ತಿನಲ್ಲಿ ಹಿಡಿದ ಒಂದು ಮೀನು ಒಂದೇ ಮೀನಲ್ಲ, ಮುಂದಿನ ವರ್ಷದ ಬುಟ್ಟಿ. ಕೇರಳದ 2010ರ ಒಳನಾಡು ಮೀನುಗಾರಿಕೆ ಕಾನೂನಿನಲ್ಲಿ ಊತ್ತ ಹಿಡಿಯುವುದು ಅಪರಾಧ. ದಂಡವೂ ಇದೆ, ಜೈಲೂ ಇದೆ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಎಚ್ಚರಿಕೆ ಬರುತ್ತದೆ. ನಮ್ಮ ಸಂಘದವರು ಸರಿಯಾಗಿ ಅದೇ ವಾರವನ್ನು ಆರಿಸಿದ್ದಾರೆ! ಕಾರಣ ಕೇಳಿದರೆ, "ಆಗ ಮೀನು ಸಲೀಸಾಗಿ ಸಿಗುತ್ತದೆ ಮಾಷ್ಟ್ರೇ." ಸಿಗುತ್ತದೆ, ಯಾಕೆ ಸಿಗುವುದಿಲ್ಲ? ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಓಟದ ಸ್ಪರ್ಧೆ ಇಟ್ಟರೆ ಗೆಲ್ಲುವುದು ಕಷ್ಟವೇ?

"ನಾವು ಹಿಡಿದು ಬಿಡುತ್ತೇವಲ್ಲ, ಕೊಲ್ಲುವುದಿಲ್ಲವಲ್ಲ" ಎಂದು ಒಬ್ಬ ಹೇಳಿದ. ಅವನಿಗೆ ಒಂದು ಪ್ರಶ್ನೆ ಹಾಕಿದೆವು: ಮೀನನ್ನು ಬಿಡುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತೀಯಾ? ಅವನಿಗೆ ಗೊತ್ತಿರಲಿಲ್ಲ. ಮೀನಿನ ಮೈಮೇಲಿನ ಲೋಳೆ ಸುಮ್ಮನೆ ಇರುವುದಲ್ಲ, ರೋಗ ತಾಗದಂತೆ ಕಾಯುವ ಅಂಗಿ ಅದು. ಒಣ ಕೈಯಲ್ಲಿ, ಕಾದ ಪ್ಲಾಸ್ಟಿಕ್ ಮೇಲೆ ಹಿಡಿದರೆ ಅಂಗಿ ಕಿತ್ತು ಬರುತ್ತದೆ. ಗಾಳ ಗಂಟಲಿನ ಆಳಕ್ಕೆ ಇಳಿದಿದ್ದರೆ, ಫೋಟೋ ಸರಿ ಬರಲಿಲ್ಲ ಎಂದು ಎರಡು ನಿಮಿಷ ನೀರಿನ ಹೊರಗೆ ಇಟ್ಟರೆ, ಬಿಟ್ಟಾಗ ಈಜಿಕೊಂಡು ಹೋದ ಮೀನು ಮಾರನೆಯ ದಿನ ಕೆಳಗಿನ ಗುಂಡಿಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತದೆ. ಅದರ ಫೋಟೋ ಯಾರೂ ತೆಗೆಯುವುದಿಲ್ಲ. ಹಿಡಿದು ಬಿಡುವುದು ಒಂದು ವಿದ್ಯೆ. ಕಲಿತವರು ಮಾಡಿದರೆ ಮೀನು ಉಳಿಯುತ್ತದೆ. ಕಲಿಯದವರಿಗೆ ಅದು ಪಾಪ ತೊಳೆಯುವ ಮಾತು ಅಷ್ಟೆ.

ಇದು ಒಂದನೆಯ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು.

"ನಾಡ ಮೀನು ಎಂದರೆ ಯಾವುವು?" ಎಂದು ಕೇಳಿದೆವು. ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬ "ಕಾಟ್ಲಾ, ರೋಹು" ಎಂದ. ಇನ್ನೊಬ್ಬ "ತಿಲಾಪಿಯಾ" ಎಂದ. ಸ್ವಾಮೀ, ಕಾಟ್ಲಾ, ರೋಹು ಗಂಗೆಯ ಬಯಲಿನ ಮೀನುಗಳು. ಸಾಕಣೆಗೆಂದು ಇತ್ತ ಬಂದವು. ಭಾರತದ್ದು ಹೌದು, ಪಯಸ್ವಿನಿಯದ್ದು ಅಲ್ಲ. ತಿಲಾಪಿಯಾ ಆಫ್ರಿಕಾದ್ದು, ನಮ್ಮ ದೇಶಕ್ಕೆ ಬಂದದ್ದೇ 1952ರಲ್ಲಿ. ಅಷ್ಟೇ ಅಲ್ಲ, ಸ್ಪರ್ಧೆಯ ದಿನ ಮೀನು ಸಿಗದೆ ಹೋದರೆ ಮರ್ಯಾದೆ ಹೋಗುತ್ತದೆ ಎಂದು ಒಂದು ವಾರ ಮೊದಲೇ ಸಾಕಣೆ ಕೊಳದಿಂದ ಒಂದಿಷ್ಟು ಮೀನು ತಂದು ಹೊಳೆಗೆ ಬಿಡುವ ಆಲೋಚನೆಯೂ ಇದೆಯಂತೆ! ಕೊಳದಲ್ಲಿ ಯಾವ ಮೀನು? ಅದೂ ಗೊತ್ತಿಲ್ಲ. "ಮೀನು ಮೀನೇ ಅಲ್ವಾ ಮಾಷ್ಟ್ರೇ?"

ಅಲ್ಲ. ಮೀನು ಮೀನೇ ಅಲ್ಲ. ಇದನ್ನು ಕಾವೇರಿ ನಮಗೆ ಕಲಿಸಿದೆ. ದಯವಿಟ್ಟು ಈ ಕತೆಯನ್ನು ಗಮನವಿಟ್ಟು ಓದಿ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಮಹಶೀರ್ ಒಂದಿದೆ. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ನಮ್ಮ ಶಾಲೆಯ ಏಳನೇ ತರಗತಿಯಲ್ಲಿ ಅಷ್ಟು ಭಾರದ ಮಗು ಹುಡುಕಿದರೂ ಸಿಗುವುದು ಕಷ್ಟ. ಆಮೇಲೆ ಮೀನು ಕಡಿಮೆಯಾಗುತ್ತಾ ಬಂತು. ಗಾಳದ ಹವ್ಯಾಸಿಗಳು, ಮೀನಿನ ಬಗ್ಗೆ ನಿಜವಾದ ಪ್ರೀತಿ ಇದ್ದವರೇ, ಹೊಳೆ ಮತ್ತೆ ತುಂಬಲಿ ಎಂದು ಮರಿ ತರಿಸಿ ಬಿಟ್ಟರು. ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ 1970ರ ದಶಕದಿಂದ ಮಹಶೀರ್ ಮರಿ ಮಾಡುತ್ತಿದ್ದರು. ಆದರೆ ಅದು ನೀಲಿ ರೆಕ್ಕೆಯ ಬೇರೆ ಜಾತಿ, ಪುಣೆ ಕಡೆಯ ನದಿಗಳದ್ದು. "ಮಹಶೀರ್ ಮಹಶೀರೇ ಅಲ್ವಾ?" ಎಂದು ಆಗಲೂ ಯಾರೋ ಹೇಳಿರಬೇಕು.

ಮುಂದೇನಾಯಿತು? ಗಾಲಿಬೋರೆಯ ಗಾಳದ ಶಿಬಿರದಲ್ಲಿ ಹಿಡಿದ ಪ್ರತಿ ಮೀನನ್ನೂ ಪುಸ್ತಕದಲ್ಲಿ ಬರೆದು ಹೊಳೆಗೆ ಬಿಡುವ ಪದ್ಧತಿ ಇತ್ತು. 1998ರಿಂದ 2012ರ ತನಕದ ಆ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನಿನ ಒಟ್ಟು ಸಂಖ್ಯೆ ಏರಿತ್ತು. ಎಲ್ಲರೂ ಖುಷಿಪಡುವ ಲೆಕ್ಕ. ಆದರೆ ಒಳಗೆ ನೋಡಿದರೆ, ಏರಿದ್ದು ಹೊರಗಿನಿಂದ ಬಂದ ನೀಲಿ ರೆಕ್ಕೆ, ಬೆನ್ನು ಗೂನಿನ ಕಾವೇರಿಯ ಮೀನು ಮುಗಿಯುತ್ತಾ ಬಂದಿತ್ತು. ಸಿಡಿಮದ್ದು, ವಿಷ, ಅಣೆಕಟ್ಟು, ಮರಳು ತೆಗೆಯುವುದು, ಈ ಕಾರಣಗಳೂ ಇವೆ. ಆದರೆ ತುಂಬಿಸಲು ಹೋದವರ ಕೈಯಿಂದಲೇ ಹೊಳೆಯ ಒಡೆಯನ ಜಾಗಕ್ಕೆ ಬೇರೆಯವನು ಬಂದು ಕೂತದ್ದೂ ಸತ್ಯ.

ಇನ್ನೂ ನೋವಿನ ವಿಷಯ ಕೇಳಿ. ಜಗತ್ತಿನ ಗಾಳದವರೆಲ್ಲ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದು ಫೋಟೋ ತೆಗೆಸಿಕೊಂಡ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕಾವೇರಿಯ ಬಳಗ ಸೇರುವ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ ಟಾರ್ ರೆಮಾದೇವಿ ಎಂಬ ಜಾತಿಯೇ ಇದು ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೆ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನು ಇರಲಿಲ್ಲ ಎನ್ನುವಷ್ಟು ತಡ. ಹೆಸರು ಗೊತ್ತಿಲ್ಲದ್ದನ್ನು ಉಳಿಸಲು ಹೋದರೆ ಹೀಗೇ ಆಗುವುದು.

ಇದು ದೂರದ ಕಾವೇರಿಯ ಮಾತು, ನಮಗೇಕೆ ಎನ್ನುವವರು ನಮ್ಮ ಚಂದ್ರಗಿರಿಯ ಮೀನನ್ನೇ ನೋಡಿ. ಕೆಂಪು ಗೆರೆ, ಕಪ್ಪು ಗೆರೆ ಎಳೆದ ಗೇಣುದ್ದದೊಳಗಿನ ಚಂದದ ಮೀನೊಂದಿದೆ. ಗಾಜಿನ ತೊಟ್ಟಿಯಲ್ಲಿ ಸಾಕುವವರು ಅದಕ್ಕೆ ಮಿಸ್ ಕೇರಳ ಎಂದು ಹೆಸರಿಟ್ಟಿದ್ದಾರೆ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಇರುವುದು, ಅದರಲ್ಲಿ ಚಂದ್ರಗಿರಿಯೂ ಒಂದು. 1865ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಆಗಿನ ಮದರಾಸು ಗವರ್ನರ್ ಡೆನಿಸನ್ ಅವರ ಹೆಸರಿನಲ್ಲಿ ಅದನ್ನು ದಾಖಲಿಸಿದರು. ವಿಚಿತ್ರ ನೋಡಿ, ಈ ಡೆನಿಸನ್ ಮದರಾಸಿಗೆ ಬರುವ ಮೊದಲು ಗವರ್ನರ್ ಆಗಿದ್ದದ್ದು ಅದೇ ನ್ಯೂ ಸೌತ್ ವೇಲ್ಸಿನಲ್ಲಿ! ಆ ಮೀನನ್ನು ಹೊರದೇಶಕ್ಕೆ ಮಾರಲು ಹಿಡಿದು ಹಿಡಿದು ಕಡಿಮೆಯಾದಾಗ 2008ರಲ್ಲಿ ಸರಕಾರ ನಿಯಮ ಮಾಡಿತು. ಜೂನ್, ಜುಲೈ, ಅಕ್ಟೋಬರ್ ತಿಂಗಳಲ್ಲಿ ಹಿಡಿಯಬಾರದು ಎಂದು. ಆಮೇಲೆ ಅಧ್ಯಯನ ಮಾಡಿದವರು ತೋರಿಸಿದ್ದೇನು? ಆ ಮೀನು ಮರಿ ಮಾಡುವುದು ಅಕ್ಟೋಬರಿನಿಂದ ಮಾರ್ಚ್ ತನಕ! ಉಳಿದ ಮೀನುಗಳ ಪಂಚಾಂಗವನ್ನೇ ಇದಕ್ಕೂ ಹಚ್ಚಿದ್ದರು. ಮೀನಿನಿಂದ ಮೀನಿಗೆ ಪಂಚಾಂಗ ಬೇರೆ. ಹೊಳೆಯನ್ನು ಬಲ್ಲವರನ್ನು ಕೇಳದೆ ನಿಯಮ ಮಾಡಿದರೂ ತಪ್ಪುತ್ತದೆ, ನಿಯಮವೇ ಇಲ್ಲದೆ ಸ್ಪರ್ಧೆ ಮಾಡಿದರೆ ಹೇಳುವುದೇನು?

ಈಗ ಹೊಳೆಯನ್ನು ಬಲ್ಲವರು ಯಾರು ಎಂಬ ಪ್ರಶ್ನೆ. ಇಲ್ಲಿ ನಾವು ನಮ್ಮದೇ ಕಿವಿ ಹಿಂಡಿಕೊಳ್ಳಬೇಕು.

ಕಳೆದ ವರ್ಷ ಏಳನೇ ತರಗತಿಯ 19 ಮಕ್ಕಳಿಗೆ ನಮ್ಮ ಹೊಳೆಯ ಮೀನುಗಳ ಹೆಸರು ಬರೆಯಲು ಹೇಳಿದೆವು. ಹೆಚ್ಚಿನವರು ಬಂಗುಡೆ, ಬೂತಾಯಿ ಎಂದು ಬರೆದರು. ಎರಡೂ ಕಡಲಿನವು, ಮೀನು ಮಾರುವವನ ಬೈಕಿನಲ್ಲಿ ಬರುವಂಥವು. ಮೂವರು ಶಾರ್ಕ್ ಎಂದು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಏನೂ ಬರೆಯಲಿಲ್ಲ. ಬರವಣಿಗೆ ಅವನಿಗೆ ಕಷ್ಟ, ಪ್ರತಿ ಪರೀಕ್ಷೆಯಲ್ಲೂ ಕೊನೆಯವನು. "ಬಾಯಲ್ಲಿ ಹೇಳು" ಎಂದೆವು. ಎದ್ದು ನಿಂತ. ಮುಗುಡು, ಹಾವುಮೀನು, ಪೆರುವೋಳು, ವರಾಲ್, ಕೂರಲ್, ಪರಲ್, ಕರಿಮೀನು... ತುಳುವಿನಲ್ಲಿ ಇದ್ದದ್ದು ತುಳುವಿನಲ್ಲಿ, ಮಲಯಾಳದಲ್ಲಿ ಇದ್ದದ್ದು ಮಲಯಾಳದಲ್ಲಿ. ಯಾವುದು ಕಲ್ಲಿನ ಅಡಿ ಇರುತ್ತದೆ, ಯಾವುದು ಕೆಸರಿನಲ್ಲಿ, ಯಾವುದು ಮಳೆಗೆ ಗದ್ದೆಗೆ ಏರುತ್ತದೆ, ಎಲ್ಲ ಹೇಳಿದ. ಅವನ ಅಜ್ಜ ಹೊಳೆಯಲ್ಲಿ ಬಲೆ ಬೀಸುವವರು. ತರಗತಿ ಬಾಯಿ ಬಿಟ್ಟು ಕೇಳಿತು. ನಾವೂ ಕೇಳಿದೆವು.

ಆರು ವರ್ಷ ನಾವು ಆ ಹುಡುಗನನ್ನು ದಡ್ಡ ಎಂದು ಬರೆದಿಟ್ಟಿದ್ದೆವು. ಮೀನು ಉಸಿರಾಡುವುದು ಕಿವಿರಿನಿಂದ ಎಂದು ಬಾಯಿಪಾಠ ಮಾಡಿಸಿದವರು ನಾವು, ಆ ಕಿವಿರು ಯಾವ ಮೀನಿನದ್ದು ಎಂದು ಒಮ್ಮೆಯೂ ಕೇಳದವರೂ ನಾವೇ. ಸಂಘದ ಹುಡುಗರಿಗೆ ನಾಡ ಮೀನಿನ ಹೆಸರು ಗೊತ್ತಿಲ್ಲದ್ದು ಅವರ ತಪ್ಪಲ್ಲ. ಅವರಿಗೆ ಕಲಿಸಿದವರೂ ನಾವೇ. ಭಾಷೆ ಉಳಿಯಬೇಕು ಎಂದು ವೇದಿಕೆ ಹತ್ತಿ ಕೂಗುತ್ತೇವೆ. ಚಂದ್ರಗಿರಿಯಿಂದ ಉತ್ತರಕ್ಕೆ ಕನ್ನಡ ನಾಡು ಎಂದು ನಮ್ಮ ಹಿರಿಯರು ಹೋರಾಡಿದರು, 1967ರಲ್ಲಿ ಮಹಾಜನ ಆಯೋಗವೂ ಹಾಗೇ ಹೇಳಿತು. ಆ ಹೊಳೆ ನಮಗೆ ನಕ್ಷೆಯ ಗೆರೆಯಾಗಿ ಗೊತ್ತು, ನೀರಾಗಿ ಗೊತ್ತಿಲ್ಲ. ಅದರೊಳಗಿನ ಒಂದೊಂದು ಹೆಸರು ಹೋದಾಗಲೂ ನಮ್ಮ ಮಾತಿನ ಒಂದೊಂದು ತುಂಡು ಹೋಗುತ್ತದೆ, ಅದಕ್ಕೆ ಯಾವ ಆಯೋಗವೂ ಬರುವುದಿಲ್ಲ.

ಈಗ ನಮ್ಮ ಮೇಲೆ ಬಂದ ಆಕ್ಷೇಪಗಳಿಗೆ ಉತ್ತರ.

"ಊರವರು ವಿಷ ಹಾಕುವುದಿಲ್ಲವಾ? ತೋಟೆ ಹೊಡೆಯುವುದಿಲ್ಲವಾ? ಕರೆಂಟು ಬಿಟ್ಟು ಹಿಡಿಯುವುದಿಲ್ಲವಾ? ಅದಕ್ಕಿಂತ ಗಾಳ ವಾಸಿ ಅಲ್ಲವಾ?" ಹೌದು, ವಾಸಿ. ಊರವರೆಲ್ಲ ಸಾಧುಗಳು ಎಂದು ನಾವು ಹೇಳುವುದಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯಿದೆಯಲ್ಲೇ ಅಪರಾಧ. ಅದಕ್ಕೂ ಮೊದಲು, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದಲ್ಲಿ, ಇಲ್ಲಿನ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಮೀನು ಉಳಿಸಬೇಕೆಂದು ಸರಕಾರಕ್ಕೆ ಬರೆದಿದ್ದರು. ಅವರೂ ಗಾಳದವರೇ. ಭಾರತದ ಗಾಳದವರ ಹಳೆಯ ಹೆಸರುವಾಸಿ ಪುಸ್ತಕವನ್ನು ಬರೆದು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಅವರು. ಅಂದರೆ ಗಾಳದವರು ಮೀನಿನ ವೈರಿಗಳು ಎಂಬುದು ನಮ್ಮ ವಾದವಲ್ಲ. ಕಾವೇರಿಯ ಮೀನು ಕಾಣೆಯಾದದ್ದು ಗೊತ್ತಾದದ್ದೂ ಗಾಳದವರ ಪುಸ್ತಕದಿಂದಲೇ. ಬಲ್ಲ ಗಾಳದವರು ಬೇರೆ, ಬಹುಮಾನದ ಗಾಳದವರು ಬೇರೆ.

"ಮೀನು ತಿನ್ನುವವರಿಗೆ ಮೀನಿನ ಮೇಲೆ ಇಷ್ಟು ಕನಿಕರ ಯಾಕೆ?" ತಿನ್ನುವವರಿಗೇ ಇರಬೇಕು. ಮುಗಿದು ಹೋದರೆ ತಿನ್ನುವುದೇನು? ತೊಡಿಕಾನದ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನನ್ನು ಮುಟ್ಟದೆ ಉಳಿಸಿದವರೂ ಇದೇ ಜನ. ಆ ನೀರು ಹರಿದು ಸೇರುವುದು ನಮ್ಮ ಪಯಸ್ವಿನಿಗೇ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಸ್ಮಾರಕ ಕಟ್ಟಿಸಿದವರೂ ಇದೇ ಸೀಮೆಯವರು. ಇನ್ನು ನಮ್ಮ ಜಿಲ್ಲೆಗೆ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ನಾವು ಕಂಡಿದ್ದೇವೆ. 2000ನೇ ಇಸವಿಯಲ್ಲಿ ಅದು ನಿಂತಿತು, ಅದರ ನೋವು ನಿಂತಿಲ್ಲ. ಆ ವಿಷ ನೀರಿಗೆ ಬಿದ್ದರೆ ಮೊದಲು ಸಾಯುವುದು ಮೀನು. ಮೀನು ಸತ್ತಾಗಲೇ ಕೇಳಿಸಿಕೊಳ್ಳುವ ಅಭ್ಯಾಸ ನಮಗಿದ್ದಿದ್ದರೆ ಮಕ್ಕಳ ಮೈಯಲ್ಲಿ ಬರೆದದ್ದನ್ನು ಓದುವ ಗತಿ ಬರುತ್ತಿರಲಿಲ್ಲವೇನೋ.

"ಪ್ರವಾಸಿಗರು ಬರುತ್ತಾರೆ, ಊರಿಗೆ ದುಡ್ಡು ಬರುತ್ತದೆ." ಬರಲಿ. ಹೊಳೆ ಬಲ್ಲ ಅಜ್ಜನಿಗೆ ಅದರಲ್ಲಿ ಎಷ್ಟು ಬರುತ್ತದೆ? ಕರಪತ್ರದಲ್ಲಿ ಅತಿಥಿಗಳ ಹೆಸರು ಹನ್ನೊಂದು ಇದೆ, ಹೊಳೆಯ ಒಬ್ಬ ಬೆಸ್ತನ ಹೆಸರೂ ಇಲ್ಲ. ಇನ್ನೊಂದು ಮಾತು. ಜೂನಿನ ಹೊಳೆ ಮೀನಿಗೆ ಮಾತ್ರ ಅಪಾಯವಲ್ಲ. ಮೇಲೆ ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ. ನಲವತ್ತು ಮಕ್ಕಳನ್ನು ಆ ದಡದಲ್ಲಿ ನಿಲ್ಲಿಸಲು ನಮಗೆ ಧೈರ್ಯ ಇಲ್ಲ. ಹೇಡಿಗಳು ಎಂದರೆ ಎನ್ನಿ.

ಹಾಗಾದರೆ ಸ್ಪರ್ಧೆಯೇ ಬೇಡವೇ? ಬೇಕು! ನಾವೇ ಮುಂದೆ ನಿಂತು ಮಾಡಿಸುತ್ತೇವೆ. ಆದರೆ ಹೀಗೆ ಮಾಡೋಣ.

ಮಳೆಗಾಲ ಕಳೆಯಲಿ. ಹೊಳೆ ತಿಳಿಯಾಗಲಿ. ಯಾವ ಮೀನು ಯಾವ ತಿಂಗಳಲ್ಲಿ ಮರಿ ಮಾಡುತ್ತದೆ ಎಂದು ಮೊದಲು ಬಲೆಯವರನ್ನೂ ಮೀನುಗಾರಿಕೆ ಓದಿದವರನ್ನೂ ಒಟ್ಟಿಗೆ ಕೂರಿಸಿ ಕೇಳೋಣ, ಆಮೇಲೆ ದಿನ ಇಡೋಣ.

ಹೊರಗಿನಿಂದ ಒಂದು ಮರಿಯನ್ನೂ ಹೊಳೆಗೆ ಬಿಡಬಾರದು. 2018ರ ನೆರೆಯಲ್ಲಿ ಸಾಕಣೆ ತೊಟ್ಟಿಗಳಿಂದ ತಪ್ಪಿಸಿಕೊಂಡ ಅಮೆರಿಕದ ಅರಪೈಮಾ, ಅಲಿಗೇಟರ್ ಗಾರ್ ಕೇರಳದ ಹೊಳೆಗಳಲ್ಲಿ ಸಿಕ್ಕಿದ್ದನ್ನು ಮರೆಯಬಾರದು. ಅದು ನೆರೆಯ ತಪ್ಪು ಎನ್ನೋಣ. ನಾವೇ ಕೈಯಾರೆ ಬಿಟ್ಟರೆ ಯಾರ ತಪ್ಪು?

ಬಹುಮಾನ ಉದ್ದಕ್ಕೆ ಬೇಡ, ಗುರುತಿಗೆ ಇರಲಿ. ಹಿಡಿದ ಮೀನಿನ ಹೆಸರನ್ನು ಕನ್ನಡ, ತುಳು, ಮಲಯಾಳ ಮೂರರಲ್ಲಿ ಹೇಳಿದವರಿಗೆ ಹೆಚ್ಚು ಅಂಕ. ನಾಡ ಮೀನನ್ನು ಒದ್ದೆ ಕೈಯಲ್ಲಿ, ನೀರಿನ ಮಟ್ಟದಲ್ಲೇ ಹಿಡಿದು, ಫೋಟೋ ತೆಗೆದು ಬಿಡಬೇಕು. ಗಾಳಕ್ಕೆ ಹಿಮ್ಮುಳ್ಳು ಇರಬಾರದು. ತಿಲಾಪಿಯಾ, ಆಫ್ರಿಕದ ಮುಗುಡು ಸಿಕ್ಕಿದರೆ ಮಾತ್ರ ವಾಪಸ್ ಬಿಡಬಾರದು. ಅದಕ್ಕೆ ಬೇರೆಯೇ ಬಹುಮಾನ ಕೊಡೋಣ, ಸಂಜೆ ಎಲ್ಲರಿಗೂ ಗಸಿ ಮಾಡಿ ಬಡಿಸೋಣ.

ಹಿಡಿದ ಪ್ರತಿ ಮೀನಿನ ಲೆಕ್ಕ ಒಂದು ಪುಸ್ತಕದಲ್ಲಿ ಬರೆಯಬೇಕು: ಎಲ್ಲಿ, ಎಂದು, ಯಾವುದು, ಎಷ್ಟು ಉದ್ದ. ಆ ಪುಸ್ತಕ ಶಾಲೆಯಲ್ಲಿ ಇರಲಿ. ಹತ್ತು ವರ್ಷದ ನಂತರ ನಮ್ಮ ಹೊಳೆಯಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ಹೇಳಲು ಬೇರೆ ದೇಶದ ವಿಜ್ಞಾನಿ ಬರಬೇಕಾಗಿಲ್ಲ, ನಮ್ಮ ಮಕ್ಕಳೇ ಓದಿ ಹೇಳುತ್ತಾರೆ.

ತೀರ್ಪುಗಾರರ ಕುರ್ಚಿಯಲ್ಲಿ ಆ ಹಿಂದಿನ ಬೆಂಚಿನ ಹುಡುಗನೂ ಅವನ ಅಜ್ಜನೂ ಕೂರಬೇಕು. ಇದು ನಮ್ಮ ಕೊನೆಯ ಷರತ್ತು, ಇದರಲ್ಲಿ ರಾಜಿ ಇಲ್ಲ.

ಸಂಘದ ಹುಡುಗರೇ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು. ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಮೀನಿನ ಹೆಸರು ಕಲಿಸದ ಮಾಷ್ಟ್ರುಗಳ ಮೇಲೆ ನಿಮಗೆ ಸಿಟ್ಟು ಬಂದರೆ ಅದು ನ್ಯಾಯವೇ. ಜೂನಿನಲ್ಲಿ ದೋಣಿಯನ್ನು ಮನೆಯ ಮಾಡಿನಡಿ ಇಟ್ಟು ಶಾಲೆಗೆ ಬನ್ನಿ. ಹೊಸ ಏಳನೇ ತರಗತಿಗೆ ಮೊದಲ ವಾರ ಹೊಳೆಯ ಮೀನಿನ ಪಾಠ ಇಟ್ಟಿದ್ದೇವೆ. ಬಲೆ ಬೀಸುವ ಅಜ್ಜ ಬರಲು ಒಪ್ಪಿದ್ದಾರೆ, ನಾವು ಪುಸ್ತಕ ಪೆನ್ನು ಹಿಡಿದು ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ನಿಮಗೂ ಜಾಗ ಇದೆ.

ಗಡಿಯ ಬೇರೆ ಬೇರೆ ಊರಿನ ಕನ್ನಡ ಶಾಲೆಗಳ ಬಂಧುಗಳೇ, ನಿಮ್ಮ ಕೆರೆ, ಹೊಳೆ, ಹಳ್ಳಗಳ ಮೀನಿನ ಹೆಸರುಗಳನ್ನೂ ಮಕ್ಕಳಿಂದ ಬರೆಸಿ. ಎಷ್ಟು ಹೆಸರು ಬರುತ್ತದೆ ನೋಡಿ. ಕಡಿಮೆ ಬಂದರೆ ಮಕ್ಕಳನ್ನು ಬೈಯಬೇಡಿ.